ಏಳನೇ ಸ್ಪರ್ಧಿಯ ಹದಿನೈದು ನಿಮಿಷ

ಪಾರಕ್ಕುನ್ನು
5 ಜುಲೈ 1997

ಅಡ್ವೊಕೇಟ್ ಖೈರುನ್ನಿಸ ಅವರಿಗೆ,

ಈ ಕೈಬರಹ ನೋಡಿದ ಕೂಡಲೇ ಲಕೋಟೆಯನ್ನು ಒಡೆಯದೆ ಬುಟ್ಟಿಗೆ ಹಾಕಿರುತ್ತೀಯೋ ಏನೋ. ಎಂಟು ವರ್ಷದಿಂದ ನಿನಗೆ ಒಂದಕ್ಷರ ಬರೆದವಳಲ್ಲ ನಾನು. ಈಗಲೂ ಪ್ರೀತಿ ಉಕ್ಕಿ ಬರೆಯುತ್ತಿಲ್ಲ, ಸರ್ಕಾರ ಬರೆಸುತ್ತಿದೆ.

ವಿಷಯ ಇಷ್ಟು. ವಿದ್ಯಾಧಿಕಾರಿಯ ಕಚೇರಿಯಿಂದ ಒಂದು ಸುತ್ತೋಲೆ ಬಂದಿದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೊಂದು ಪಿರಿಯಡ್ ಕಾನೂನು, ಕೋರ್ಟು ಅಂದರೇನು ಎಂದು ಕಲಿಸಬೇಕಂತೆ. ಪುಸ್ತಕ ಇಲ್ಲ, ತರಬೇತಿ ಇಲ್ಲ, ವರದಿ ಮಾತ್ರ ಮೂರು ಪ್ರತಿ ಬೇಕು. ನಮ್ಮ ಹೆಡ್‌ಮಾಸ್ಟರ್ ಮತ್ತಾಯಿ ಸರ್ ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ, ಇದು ಏಲಿಕುಟ್ಟಿ ಟೀಚರಿಗೇ ಸರಿ, ಅವರು ಕೋರ್ಟ್ ಕಂಡವರು ಅಂದರು. ಎಲ್ಲರೂ ನಕ್ಕರು. ಡ್ರಿಲ್ ಮಾಸ್ಟರಂತೂ ಚಹಾ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು.

ಹೌದು, ಕಂಡಿದ್ದೇನೆ. ಯಾರ ದಯೆಯಿಂದ ಎನ್ನುವುದು ನಿನಗೆ ನೆನಪಿರಬೇಕು. ಜೀಪು ಬಂದು ಹಮಾಲಿ ಚಾತ್ತುವಿನ ಕಾಲ ಮೇಲೆ ಹರಿದದ್ದನ್ನು ನಾನು ಬಸ್‌ಸ್ಟಾಪಿನಲ್ಲಿ ನಿಂತು ನೋಡಿದೆ. ಮೂಗಿನ ಮೇಲೆ ಕನ್ನಡಕ ಇತ್ತು. ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಜೀಪಿನವನ ಕಡೆಯ ವಕೀಲೆ ಎದ್ದು, ಕಾಲೇಜಿನ ದಿನಗಳಲ್ಲಿ ನೀವು ಅಂದ ಕೆಡುತ್ತದೆ ಅಂತ ಕನ್ನಡಕ ಹಾಕುತ್ತಿರಲಿಲ್ಲ, ಬಸ್ಸಿನ ಬೋರ್ಡು ಓದೋದಕ್ಕೆ ಗೆಳತಿಯನ್ನು ಕೇಳುತ್ತಿದ್ದಿರಿ, ಹೌದೋ ಅಲ್ಲವೋ ಎಂದು ಕೇಳಿದಳು. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮೂರು ವರ್ಷ ನನ್ನ ಜೊತೆ ಇದ್ದವಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಮಾತು ಅದು. ಹೌದು ಅಂದೆ. ಕೋರ್ಟೆಲ್ಲ ನಕ್ಕಿತು. ಜೀಪಿನವನು ಬಿಡುಗಡೆಯಾದ. ನಿಜ ಹೇಳಿದ ನಾನು ಊರಿಗೆ ಸುಳ್ಳುಗಾರ್ತಿಯಾಗಿ ವಾಪಸು ಬಂದೆ.

ಅದಿರಲಿ. ನನಗೆ ಬೇಕಾದದ್ದು ನಿನ್ನ ಹಳೆಯ ಗೌನು ಒಂದು, ಖಾಲಿ ವಕಾಲತ್ತಿನ ನಮೂನೆ ಹತ್ತು, ಯಾವುದಾದರೂ ಮುಗಿದ ಕೇಸಿನ ದಾವಾ ಪ್ರತಿ ಒಂದು. ಮಕ್ಕಳಿಗೆ ಕೋರ್ಟಿನ ಬಗ್ಗೆ ಏನು ಹೇಳಬೇಕು ಅಂತ ಒಂದು ಪುಟ ಬರೆದು ಕಳಿಸಿದರೆ ಅದೂ ಸರಿ. ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಅಂತ ಒಂದು ಕಾರ್ಡು ಹಾಕು.

ಇತಿ,
ಕೆ. ಜೆ. ಏಲಿಕುಟ್ಟಿ
ಸಮಾಜಪಾಠದ ಟೀಚರ್

*

ತಲಶ್ಶೇರಿ
14 ಜುಲೈ 1997

ಏಲಿ,

ಬುಟ್ಟಿಗೆ ಹಾಕಲಿಲ್ಲ. ನನ್ನ ಗುಮಾಸ್ತ ಅದನ್ನು ಒಡೆದು, ಓದಿ, ದಿನಾಂಕ ಹಾಕಿ, ನೂಲು ಪೋಣಿಸಿ ಫೈಲಿಗೆ ಸೇರಿಸಿಬಿಟ್ಟಿದ್ದ. ಅವನನ್ನು ಬೈದು ಬಿಡಿಸಿಕೊಂಡೆ. ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರಿ.

ಗೌನು ಕಳಿಸಿದ್ದೇನೆ. ಎಡತೋಳಿನಲ್ಲಿ ಹರಿದಿದೆ, ಹೊಲಿದುಕೋ. ನಮೂನೆಗಳು ಇವೆ. ಎರಡು ಮನೆಯವರು ಹಲಸಿನ ಮರಕ್ಕಾಗಿ ಹನ್ನೊಂದು ವರ್ಷ ಜಗಳಾಡಿದ ಕೇಸಿನ ದಾವಾ ಪ್ರತಿಯೂ ಇದೆ. ತೀರ್ಪು ಬರುವ ಹೊತ್ತಿಗೆ ಮರ ಬಿದ್ದುಹೋಗಿತ್ತು. ಗೆದ್ದವನು ಸೋತ, ಸೋತವನು ಸತ್ತ ಎನ್ನುವುದನ್ನು ನಿನ್ನ ಮಕ್ಕಳು ಮೊದಲೇ ತಿಳಿದುಕೊಳ್ಳಲಿ.

ಚಾತ್ತುವಿನ ಕೇಸಿನ ಬಗ್ಗೆ ನಾನೇನೂ ಬರೆಯುವುದಿಲ್ಲ. ನನ್ನ ಕಕ್ಷಿದಾರನಿಗಾಗಿ ಮಾಡಬೇಕಾದದ್ದನ್ನು ಮಾಡಿದೆ. ಪಾಟಿಸವಾಲು ಅಂದರೆ ಅದೇ. ನೀನು ಎಂಟು ವರ್ಷ ಮಾತು ಬಿಟ್ಟೆ, ನಾನು ಎಂಟು ವರ್ಷ ಆ ದಾರಿಯ ಬಸ್ಸು ಹತ್ತಲಿಲ್ಲ. ಲೆಕ್ಕ ಸಮವಾಯಿತು ಅಂದುಕೊಂಡಿದ್ದೆ.

ಮಕ್ಕಳಿಗೆ ಹೇಳಬೇಕಾದದ್ದು ಒಂದು ಪುಟದಷ್ಟಿಲ್ಲ. ಎರಡೂ ಕಡೆಯವರ ಮಾತು ಕೇಳಬೇಕು. ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಆಗಬಾರದು. ಸಾಕ್ಷಿ ಕಂಡಷ್ಟನ್ನೇ ಹೇಳಬೇಕು. ಉಳಿದದ್ದೆಲ್ಲ ಅಂಚೆಚೀಟಿ, ಠಸ್ಸೆ, ಮುಂದಿನ ತಾರೀಖು.

ಖೈರುನ್ನಿಸ

*

ಪಾರಕ್ಕುನ್ನು
30 ಆಗಸ್ಟ್ 1997

ಖೈರುನ್ನಿಸ,

ಗೌನು ಹೊಲಿದಾಯಿತು. ಕಾಳು ಮೆಣಸಿನ ವಾಸನೆ ಹೊಡೆಯುತ್ತಿತ್ತು, ಎರಡು ದಿನ ಬಿಸಿಲಿಗೆ ಹಾಕಿದೆ.

ಈ ಮಕ್ಕಳಿಗೆ ಕೋರ್ಟು ಕಲಿಸುವುದೂ ಒಂದೇ, ಎಮ್ಮೆಯ ಮೇಲೆ ನೀರು ಸುರಿಯುವುದೂ ಒಂದೇ. ನಲವತ್ತೊಂದು ಜನ ಇದ್ದಾರೆ. ನಲವತ್ತು ಜನಕ್ಕೆ ವಕೀಲರಾಗಬೇಕು. ಬಾಯಿ ತೆರೆದರೆ ಆಕ್ಷೇಪಣೆ, ಸ್ವಾಮಿ. ಎದುರಿನವನು ಇನ್ನೂ ಮಾತೇ ಆಡಿರುವುದಿಲ್ಲ, ಇವರ ಆಕ್ಷೇಪಣೆ ಆಗಿಹೋಗಿರುತ್ತದೆ. ನಮ್ಮ ಕೋರ್ಟುಗಳಲ್ಲಿ ನ್ಯಾಯಾಧೀಶರು ಸುತ್ತಿಗೆ ಬಡಿಯುವುದಿಲ್ಲ, ಅಲ್ಲಿ ಸುತ್ತಿಗೆಯೇ ಇಲ್ಲ ಅಂದೆ. ಕ್ಲಾಸಿಗೆ ಕ್ಲಾಸೇ ಮುಖ ಸಪ್ಪೆ ಮಾಡಿಕೊಂಡಿತು. ರಿಯಾಸ್ ಅನ್ನುವವನು ಎದ್ದು, ಹಾಗಾದ್ರೆ ಗಲಾಟೆ ಆದ್ರೆ ಏನು ಮಾಡ್ತಾರೆ ಟೀಚರ್ ಎಂದು ಕೇಳಿದ. ನೀವು ಕೂಗೋ ಹಾಗೆ ಕೂಗ್ತಾರಾ ಅಂತಲೂ ಸೇರಿಸಿದ.

ನಲವತ್ತೊಂದನೆಯವಳು ಜಿನ್ಸಿ. ಅವಳಿಗೆ ವಕೀಲಿಕೆ ಬೇಡ, ನ್ಯಾಯಾಧೀಶೆಯೇ ಆಗಬೇಕು. ರಬ್ಬರ್ ಕೃಷಿಯವನ ಮಗಳು, ಕಥಾಪ್ರಸಂಗ ಹೇಳುವುದರಲ್ಲಿ ಎತ್ತಿದ ಕೈ. ಹಾಡು, ಮಾತು, ಅಭಿನಯ ಎಲ್ಲ ಒಬ್ಬಳೇ ಹೊತ್ತುಕೊಂಡು ಹದಿನೈದು ನಿಮಿಷ ಸಭೆಯನ್ನು ಅಲ್ಲಾಡದ ಹಾಗೆ ಕೂರಿಸುತ್ತಾಳೆ. ನ್ಯಾಯಾಧೀಶೆಯ ಕುರ್ಚಿಯಲ್ಲಿ ಮಾತ್ರ ತುಟಿ ಪಿಟಕ್ಕನ್ನುವುದಿಲ್ಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಕ್ಲಾಸಿನಲ್ಲಿ ನನ್ನ ಮಾತು ಪೂರ್ತಿ ಕೇಳುವವಳು ಅವಳೊಬ್ಬಳೇ.

ಸಾಕ್ಷಿಗಳದು ದೊಡ್ಡ ತಲೆನೋವು. ಬಾಳೆಗೊನೆ ಕದ್ದ ಕೇಸು ಮಾಡಿಸಿದೆ. ಕಳ್ಳ ಯಾವ ಬಣ್ಣದ ಅಂಗಿ ಹಾಕಿದ್ದ ಎಂದು ಕೇಳಿದರೆ ಸಾಕ್ಷಿ ಹುಡುಗಿ ನೀಲಿ ಅಂದಳು. ನಾನು ಬರೆದುಕೊಟ್ಟ ಕಥೆಯಲ್ಲಿ ಅಂಗಿಯ ಮಾತೇ ಇಲ್ಲ. ಯಾಕೆ ಹಾಗೆ ಹೇಳಿದೆ ಅಂದರೆ, ಪ್ರಶ್ನೆ ಬಿಡಬಾರದು, ಗೊತ್ತಿಲ್ಲದಿದ್ರೂ ಏನಾದ್ರೂ ತುಂಬಿಸಿ ಅಂತ ನೀವೇ ಹೇಳಿದ್ದಲ್ವಾ ಟೀಚರ್ ಅಂದಳು. ಹೇಳಿದ್ದೇನೆ, ಇಪ್ಪತ್ತು ವರ್ಷದಿಂದ ಪ್ರತಿ ಪರೀಕ್ಷೆಯ ಮುಂಚೆ ಹೇಳುತ್ತಲೇ ಬಂದಿದ್ದೇನೆ. ಖಾಲಿ ಬಿಟ್ಟರೆ ಸೊನ್ನೆ, ಏನಾದರೂ ಬರೆದರೆ ಅರ್ಧ ಮಾರ್ಕಾದರೂ ಸಿಗುತ್ತದೆ ಅಂತ. ಇದಕ್ಕೆ ನಿಮ್ಮ ಕಾನೂನಿನಲ್ಲಿ ಏನು ಮದ್ದಿದೆ ಬರಿ.

ಏಲಿಕುಟ್ಟಿ

*

ತಲಶ್ಶೇರಿ
20 ಸೆಪ್ಟೆಂಬರ್ 1997

ಏಲಿ,

ಮದ್ದು ಇದೆ. ಗೊತ್ತಿಲ್ಲ ಎನ್ನುವ ಉತ್ತರಕ್ಕೆ ಕೋರ್ಟಿನಲ್ಲಿ ಪೂರ್ತಿ ಮಾರ್ಕು. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹಾಕು. ನನ್ನ ಅರ್ಧ ಕೇಸುಗಳು ಬಿದ್ದುಹೋಗುವುದು ಏನಾದರೂ ತುಂಬಿಸುವ ಸಾಕ್ಷಿಗಳಿಂದ. ಅವರಲ್ಲಿ ಮುಕ್ಕಾಲು ಜನ ಮೇಷ್ಟ್ರುಗಳೇ.

ನನ್ನ ಉಮ್ಮ ನಿನ್ನನ್ನು ಕೇಳಿದರು. ಆ ಕ್ರಿಸ್ತಾನರ ಹುಡುಗಿ ಈಗಲೂ ಮೀನಿನ ತಲೆ ತಿನ್ನುವುದಿಲ್ಲವಾ ಅಂತ. ನನಗೆ ಗೊತ್ತಿಲ್ಲ ಅಂದೆ.

ಖೈರು

*

ಪಾರಕ್ಕುನ್ನು
19 ನವೆಂಬರ್ 1997

ಖೈರುನ್ನಿಸ,

ಉತ್ತರ ತಡವಾಯಿತು. ಶಾಲಾ ಕಲೋತ್ಸವ ಅನ್ನುವ ಪ್ರಾಣಸಂಕಟ ಈಗಷ್ಟೇ ಮುಗಿದಿದೆ. ಉಪಜಿಲ್ಲೆಯ ಮಟ್ಟದ್ದು ಈ ಸಲ ನಮ್ಮ ಶಾಲೆಯಲ್ಲೇ ನಡೆಯಿತು. ನಾಲ್ಕು ದಿನ, ಐದು ವೇದಿಕೆ, ಊಟಕ್ಕೆ ಎರಡು ಸಾವಿರ ಜನ. ನನ್ನನ್ನು ಮೂರನೇ ವೇದಿಕೆಗೆ ಸಮಯ ನೋಡಲು ಹಾಕಿದ್ದರು. ಒಂದು ಗಡಿಯಾರ, ಒಂದು ಬೆಲ್ಲು, ಒಂದು ಹಾಳೆ. ಮೊದಲ ಬೆಲ್ಲು ಹೊಡೆದರೆ ಇನ್ನು ಒಂದು ನಿಮಿಷ ಅಂತ ಅರ್ಥ, ಎರಡನೆಯದಕ್ಕೆ ಪರದೆ ಬೀಳುತ್ತದೆ.

ಕಥಾಪ್ರಸಂಗದಲ್ಲಿ ನಮ್ಮ ಜಿನ್ಸಿಗೆ ಮೊದಲ ಸ್ಥಾನ. ಡಿಸೆಂಬರ್ ಹದಿನೈದಕ್ಕೆ ಜಿಲ್ಲೆಗೆ ಹೋಗುತ್ತಾಳೆ. ಊರಿಗೆ ಊರೇ ಕುಣಿಯಿತು.

ಎರಡನೆಯವಳಾಗಿ ಬಂದ ಹುಡುಗಿಯ ಅಪ್ಪ ಮರುದಿನವೇ ಅಪೀಲು ಹಾಕಿದ. ನಿನಗೆ ಹೇಳಬೇಕೇ, ನಮ್ಮವರು ಹೊಟ್ಟೆಗಿಲ್ಲದಿದ್ದರೂ ಕಲೋತ್ಸವಕ್ಕೆ ಅಪೀಲು ಹಾಕದೆ ಬಿಡುವುದಿಲ್ಲ. ನನ್ನ ಮಕ್ಕಳಿಗೆ ಸಂವಿಧಾನ ಅಂದರೆ ಏನೆಂದು ಗೊತ್ತಿಲ್ಲ, ಅಪೀಲು ಅಂದರೆ ಎದ್ದು ಕೂರುತ್ತಾರೆ. ಈ ಮನುಷ್ಯ ಬೀಡಿ ಕಟ್ಟುವವನು, ಕಣಾರನ್ ಅಂತ. ಮಗಳನ್ನು ಹದಿನೈದು ನಿಮಿಷಕ್ಕೆ ಮುಂಚೆಯೇ ನಿಲ್ಲಿಸಿಬಿಟ್ಟರು ಅಂತ ಅವನ ವಾದ. ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದಾನಂತೆ, ಅದರಲ್ಲಿ ಹನ್ನೆರಡೂ ಮುಕ್ಕಾಲು ನಿಮಿಷ ಇದೆಯಂತೆ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದರೆ ಆಮೇಲೆ ಹಾಡು ಬೇಗ ಓಡುತ್ತದೆ, ಅದಕ್ಕೇ ಸಮಯ ಕಡಿಮೆ ಅಂತ ಅಪೀಲು ಸಮಿತಿಯವರು ತಳ್ಳಿಹಾಕಿದರು. ಹಾಳೆಯಲ್ಲಿ ಹದಿನೈದು ಅಂತ ಇದೆ. ಮುಗಿಯಿತಲ್ಲ. ಆದರೂ ಅವನು ಶಾಲೆಯ ಗೇಟಿನಲ್ಲಿ ಬಂದು ನಿಲ್ಲುತ್ತಾನೆ. ಬೈಯುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ನಿಂತು ನನ್ನನ್ನು ನೋಡುತ್ತಾನೆ. ಇದನ್ನೆಲ್ಲ ಯಾಕೆ ನಿನಗೆ ಇಷ್ಟು ಉದ್ದ ಬರೆಯುತ್ತಿದ್ದೇನೋ ನನಗೇ ತಿಳಿಯದು. ತಲೆ ಚಿಟ್ಟು ಹಿಡಿದಿದೆ.

ಉಮ್ಮನಿಗೆ ಹೇಳು, ಮೀನಿನ ತಲೆ ಈಗ ತಿನ್ನುತ್ತೇನೆ.

ಏಲಿ

*

ತಲಶ್ಶೇರಿ
24 ನವೆಂಬರ್ 1997

ಏಲಿ,

ಕಣಾರನ್ ಶುಕ್ರವಾರ ನನ್ನ ಬಳಿಗೆ ಬಂದ. ಅವನ ಮಗಳು ಶ್ರೀಜಯಳ ಪರವಾಗಿ ಮುನ್ಸಿಫ್ ಕೋರ್ಟಿನಲ್ಲಿ ದಾವಾ ಹಾಕಿದ್ದೇನೆ. ಅವಳನ್ನೂ ಜಿಲ್ಲೆಯ ಸ್ಪರ್ಧೆಗೆ ಬಿಡಬೇಕು ಅಂತ. ಜಿನ್ಸಿಯ ಸ್ಥಾನಕ್ಕೆ ಇದರಿಂದ ಏನೂ ಆಗುವುದಿಲ್ಲ, ಇವಳೂ ಹೋಗುತ್ತಾಳೆ ಅಷ್ಟೇ.

ಮುನ್ಸಿಫರು ಸಿಡಿಮಿಡಿಗೊಂಡಿದ್ದಾರೆ. ಪ್ರತಿ ನವೆಂಬರಿನಲ್ಲೂ ಜಾಗದ ಕೇಸುಗಳನ್ನು ಪಕ್ಕಕ್ಕಿಟ್ಟು ಯಾರ ಗೆಜ್ಜೆ ಉದುರಿತು, ಯಾರ ಮೈಕು ಕೈಕೊಟ್ಟಿತು ಅಂತ ನಾನು ತೀರ್ಪು ಬರೆಯಬೇಕೇ ಎಂದು ನನ್ನ ಮೇಲೆ ಹಾರಿಬಿದ್ದರು. ಕೊನೆಗೆ, ಸಮಯ ನೋಡಿದವರನ್ನು ಕರೆಸಿ ಕೇಳದೆ ಆದೇಶ ಕೊಡುವುದಿಲ್ಲ ಅಂದರು. ಡಿಸೆಂಬರ್ ನಾಲ್ಕಕ್ಕೆ ನಿನಗೆ ಸಮನ್ಸು ಬರುತ್ತದೆ.

ಆ ಹಾಳೆಯ ನಕಲು ನನ್ನ ಮುಂದಿದೆ. ಮೂಲವನ್ನೂ ಹೋಗಿ ನೋಡಿ ಬಂದೆ. ಹನ್ನೊಂದು ಸ್ಪರ್ಧಿಗಳ ಸಮಯ ಕಪ್ಪು ಶಾಯಿಯಲ್ಲಿದೆ. ಏಳನೆಯದು ಮಾತ್ರ ನೀಲಿ. ಏಳನೆಯವಳು ಶ್ರೀಜಯ.

ನಾನು ಏನನ್ನೂ ಕೇಳುತ್ತಿಲ್ಲ. ನೀನೂ ಏನನ್ನೂ ಬರೆಯಬೇಡ. ಇನ್ನು ಕೇಸು ಮುಗಿಯುವವರೆಗೆ ನಮ್ಮಿಬ್ಬರ ನಡುವೆ ಪತ್ರ ಬೇಡ. ಆ ಹುಡುಗಿ ನನ್ನ ಆಫೀಸಿಗೆ ಬಂದಿದ್ದಳು. ಕಥೆ ಹೇಳು ಮಗಳೇ ಅಂದರೆ ಬಾಯಿ ಬಿಡಲಿಲ್ಲ. ನಾನು ಚೆನ್ನಾಗಿ ಹೇಳಲಿಲ್ಲ, ಅದಕ್ಕೇ ಪರದೆ ಇಳಿಸಿದರು ಅಂತ ನಂಬಿಕೊಂಡು ಕೂತಿದ್ದಾಳೆ.

ಖೈರುನ್ನಿಸ

*

ಪಾರಕ್ಕುನ್ನು
28 ನವೆಂಬರ್ 1997

ಖೈರು,

ಬರೆಯಬೇಡ ಅಂದರೆ ಬರೆಯದೆ ಇರುವವಳು ನಾನಲ್ಲ. ಸಮನ್ಸು ಬಂತು. ಇಡೀ ಸ್ಟಾಫ್ ರೂಮಿನ ಮುಂದೆ ಸಹಿ ಹಾಕಿ ತೆಗೆದುಕೊಂಡೆ. ಇನ್ನೊಂದು ಸಲ ಆ ಕಟಕಟೆಗೆ ನನ್ನನ್ನು ಹತ್ತಿಸುವುದೇ ನಿನ್ನ ಹಣೆಯಲ್ಲಿ ಬರೆದಿದೆಯಾ? ಲೋಕದಲ್ಲಿ ಬೇರೆ ವಕೀಲರು ಯಾರೂ ಸಿಗಲಿಲ್ಲವಾ ಆ ಕಣಾರನಿಗೆ?

ಮತ್ತಾಯಿ ಸರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಟೀಚರ್, ಹಾಳೆಯಲ್ಲಿ ಇರೋದನ್ನ ಹೇಳಿ ಬಂದುಬಿಡಿ, ಗೆದ್ದದ್ದು ನಮ್ಮ ಹುಡುಗಿ, ಬೇರೆ ಥರ ಏನಾದ್ರೂ ಬಾಯಿಂದ ಬಿದ್ರೆ ಬೇಕಂತಲೇ ಮಾಡಿದ್ರು ಅಂತಾರೆ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಜನ ಅದನ್ನೇ ಅನ್ನುತ್ತಾರೆ.

ಮೊನ್ನೆಯ ಕಾನೂನು ಪಿರಿಯಡ್ಡಿನಲ್ಲಿ ಮಕ್ಕಳು ಹಟ ಹಿಡಿದರು. ಪೇಪರಿನಲ್ಲಿ ಬಂದಿದೆ ಟೀಚರ್, ಬಾಳೆಗೊನೆ ಸಾಕು, ಇದನ್ನೇ ಮಾಡೋಣ ಅಂತ. ಬೇಡ ಅಂದರೆ ಯಾಕೆ ಬೇಡ ಅಂತ ಕೇಳುತ್ತಾರೆ. ಸರಿ ಅಂದೆ. ರಿಯಾಸ್ ನಿನ್ನ ಗೌನು ಹಾಕಿಕೊಂಡು ಶ್ರೀಜಯಳ ವಕೀಲನಾದ. ನಾನು ನಾನೇ ಆದೆ. ಸತ್ಯವನ್ನೇ ಹೇಳುತ್ತೇನೆ ಅಂತ ನಾನೇ ಕಲಿಸಿದ ಪ್ರಮಾಣವನ್ನು ನನಗೇ ಹೇಳಿಸಿದರು. ಅವನು ಬೇರೇನೂ ಕೇಳಲಿಲ್ಲ. ಗಡಿಯಾರ ನೋಡಿದ್ರಾ ಟೀಚರ್ ಅಂದ. ನೋಡಿದೆ ಅಂದೆ.

ಜಿನ್ಸಿ ತೀರ್ಪು ಬರೆದು ಎದ್ದು ನಿಂತು ಓದಿದಳು. ಏಲಿಕುಟ್ಟಿ ಟೀಚರು ಸುಳ್ಳು ಹೇಳುವವರಲ್ಲ ಎಂಬುದು ಈ ಕೋರ್ಟಿಗೆ ಸ್ವಂತ ಅನುಭವದಿಂದ ತಿಳಿದಿದೆ, ಆದ್ದರಿಂದ ಕೇಸು ವಜಾ ಅಂತ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಈಗ ಕೇಳು. ನಾನು ಗಡಿಯಾರ ನೋಡಲಿಲ್ಲ. ಏಳನೆಯವಳು ಶುರು ಮಾಡಿದಾಗ ನಾನು ತೊಡೆಯ ಮೇಲೆ ಬೇರೊಂದು ಹಾಳೆ ಇಟ್ಟುಕೊಂಡು ಮುಂದಿನ ವಾರದ ಕೋರ್ಟು ಪಾಠಕ್ಕೆ ಸಾಕ್ಷಿಗೆ ಕೇಳುವ ಪ್ರಶ್ನೆಗಳನ್ನು ಬರೆಯುತ್ತಿದ್ದೆ. ನೀಲಿ ಪೆನ್ನಿನಲ್ಲಿ. ತಲೆ ಎತ್ತುವ ಹೊತ್ತಿಗೆ ಅವಳು ಎರಡನೇ ಹಾಡಿನಲ್ಲಿದ್ದಳು. ಯಾವಾಗ ಶುರುವಾಯಿತು ಅಂತ ಪಕ್ಕದವರನ್ನು ಕೇಳಲು ನಾಚಿಕೆ. ಹಾಳೆಯಲ್ಲಿ ಆ ಜಾಗ ಖಾಲಿ ಬಿಡಲೂ ಕೈ ಬರಲಿಲ್ಲ. ಅಂದಾಜಿನಲ್ಲಿ ಒಂದು ಸಮಯ ತುಂಬಿಸಿದೆ. ಆ ಅಂದಾಜಿಗೆ ಸರಿಯಾಗಿ ಬೆಲ್ಲು ಹೊಡೆದೆ. ಪರದೆ ಇಳಿಯುವಾಗ ಆ ಹುಡುಗಿ ಕೈ ಎತ್ತಿ ಹಾಡುತ್ತಲೇ ಇದ್ದಳು. ಪರದೆಯ ಹಿಂದಿನಿಂದಲೂ ಎರಡು ಸಾಲು ಕೇಳಿಸಿತು, ಆಮೇಲೆ ನಿಂತಿತು.

ಜಿನ್ಸಿಗಾಗಿ ಮಾಡಿದ್ದಲ್ಲ. ದೇವರಾಣೆ ಅಲ್ಲ. ಆದರೆ ಯಾರು ನಂಬುತ್ತಾರೆ? ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ, ನನ್ನದು ಅದೇ ಗತಿ. ನಿಜ ಹೇಳಿದಾಗ ಸುಳ್ಳುಗಾರ್ತಿ ಅನ್ನಿಸಿಕೊಂಡೆ. ಈಗ ಸುಳ್ಳು ಹೇಳಿದೆ, ಚಪ್ಪಾಳೆ ತಟ್ಟುತ್ತಾರೆ. ನಿಮ್ಮ ಕೋರ್ಟೂ ಬೇಡ, ನಿಮ್ಮ ಕಾನೂನೂ ಬೇಡ, ನನಗೆ ಸಾಕಾಗಿದೆ. ಈ ಪತ್ರವನ್ನು ಬೇಕಿದ್ದರೆ ಕೋರ್ಟಿಗೆ ಹಾಜರು ಮಾಡು. ಅವತ್ತು ಹಾಸ್ಟೆಲಿನ ಮಾತನ್ನೇ ಹಾಜರು ಮಾಡಿದವಳು ನೀನು, ಇದು ಯಾವ ಲೆಕ್ಕ.

ಏಲಿ

*

ತಲಶ್ಶೇರಿ
1 ಡಿಸೆಂಬರ್ 1997

ಏಲಿ,

ನಿನಗೆ ಬುದ್ಧಿ ಎಲ್ಲಿ ಹೋಗಿದೆ? ಇಂಥದ್ದನ್ನು ಎದುರಿನ ವಕೀಲರಿಗೆ ಯಾರಾದರೂ ಸಹಿ ಹಾಕಿ ಅಂಚೆಯಲ್ಲಿ ಕಳಿಸುತ್ತಾರಾ? ಐದು ತಿಂಗಳು ಮಕ್ಕಳಿಗೆ ಕಾನೂನು ಕಲಿಸಿದ್ದೀಯಂತೆ, ಏನು ಕಲಿಸಿದೆ ಅಂತ. ಗೆದ್ದ ಹುಡುಗಿಯನ್ನೇ ಆ ಕೇಸಿನ ನ್ಯಾಯಾಧೀಶೆ ಮಾಡಿದ್ದೀಯ. ನಾನು ಜುಲೈಯಲ್ಲಿ ಬರೆದದ್ದು ಮೂರೇ ಮಾತು, ಮೂರನ್ನೂ ಒಂದೇ ಪಿರಿಯಡ್ಡಿನಲ್ಲಿ ಮುರಿದು ಹಾಕಿದ್ದೀಯ.

ನಿನ್ನ ಪತ್ರವನ್ನು ಇದರ ಜೊತೆಗೇ ಇಟ್ಟು ವಾಪಸು ಕಳಿಸುತ್ತಿದ್ದೇನೆ. ನಕಲು ಮಾಡಿಕೊಂಡಿಲ್ಲ. ಗುಮಾಸ್ತ ನೋಡಿಲ್ಲ. ಅದನ್ನು ಹಾಜರು ಮಾಡಿದರೆ ಐದು ನಿಮಿಷದಲ್ಲಿ ಕೇಸು ಗೆಲ್ಲುತ್ತೇನೆ. ನಾನು ಹೀಗೆ ಮಾಡಿದೆ ಅಂತ ಕಣಾರನಿಗೆ ಗೊತ್ತಾದರೆ ಫೈಲು ಕಿತ್ತುಕೊಂಡು ಬೇರೆಯವರ ಬಳಿ ಹೋಗುತ್ತಾನೆ, ಹೋಗಬೇಕಾದದ್ದೇ. ಹನ್ನೆರಡು ವರ್ಷದ ವಕೀಲಿಕೆಯಲ್ಲಿ ಕಕ್ಷಿದಾರನಿಗೆ ನಾನು ಮಾಡಿದ ಮೊದಲ ಮೋಸ ಇದು. ಎರಡು ದಿನ ಊಟ ಸೇರಲಿಲ್ಲ.

ಚಾತ್ತುವಿನ ಕೇಸಿನ ದಿನ ನಾನು ಮನೆಗೆ ಬಂದು ಉಮ್ಮನಿಗೆ ಎಲ್ಲ ಹೇಳಿದೆ. ಗೆದ್ದೆ ಅಂತ ಹೇಳಿದೆ. ಅವರು ನನಗೆ ಅನ್ನ ಬಡಿಸಲಿಲ್ಲ, ನೀನೇ ಬಡಿಸಿಕೋ ಅಂದರು. ಇದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕನೇ ತಾರೀಖು ಹನ್ನೊಂದು ಗಂಟೆಗೆ ಕೋರ್ಟಿಗೆ ಬಾ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನೀನು ಹಾಳೆಯಲ್ಲಿರುವುದನ್ನು ಹೇಳಿದರೆ ಕೂತುಬಿಡುತ್ತೇನೆ. ಶಾಯಿಯ ಮಾತು ಎತ್ತುವುದಿಲ್ಲ. ಆ ಹುಡುಗಿಗೆ ಬೇರೆ ದಾರಿ ಇಲ್ಲ ಅನ್ನುವುದು ನಿನಗೂ ಗೊತ್ತಿದೆ, ನನಗೂ ಗೊತ್ತಿದೆ.

ಖೈರು

*

ಪಾರಕ್ಕುನ್ನು
6 ಡಿಸೆಂಬರ್ 1997

ಖೈರು,

ಮೊನ್ನೆ ಕೋರ್ಟಿನ ಹೊರಗೆ ನಿನ್ನ ಜೊತೆ ಮಾತಾಡದೆ ಬಸ್ಸು ಹತ್ತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬೇಗ ಎಲ್ಲಾದರೂ ಕೂರಬೇಕಿತ್ತು.

ಎಂಟು ವರ್ಷದ ಹಿಂದೆ ಹದಿನಾಲ್ಕು ಪ್ರಶ್ನೆ ಕೇಳಿದವಳು ಈ ಸಲ ನಿಜಕ್ಕೂ ಒಂದೇ ಕೇಳಿದೆ. ಏಳನೇ ಸ್ಪರ್ಧಿ ಶುರು ಮಾಡಿದ ಸಮಯವನ್ನು ನೀವು ಹೇಗೆ ಬರೆದಿರಿ ಅಂತ. ನನ್ನ ಮುಖ ನೋಡದೆ ಫೈಲು ನೋಡುತ್ತಾ ಕೇಳಿದೆ. ಹೌದು, ಇಲ್ಲ ಅಂತ ಮುಗಿಸಬಹುದಾದ ಪ್ರಶ್ನೆ ಕೇಳಿದ್ದರೆ ನಾನು ಏನು ಹೇಳಿರುತ್ತಿದ್ದೆನೋ. ಹೇಗೆ ಅಂತ ಕೇಳಿದ್ದರಿಂದ ಎಲ್ಲವನ್ನೂ ಹೇಳಬೇಕಾಯಿತು. ಗಡಿಯಾರ ನೋಡಲಿಲ್ಲ, ಬೇರೆ ಕೆಲಸ ಮಾಡುತ್ತಿದ್ದೆ, ಶುರುವಾದದ್ದು ಯಾವಾಗ ಅಂತ ಗೊತ್ತಿಲ್ಲ, ಅಂದಾಜಿಗೆ ತುಂಬಿಸಿದೆ. ಗೆದ್ದವಳು ನಿಮ್ಮ ಶಾಲೆಯವಳಾ ಎಂದು ಮುನ್ಸಿಫರು ಕೇಳಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ಹೌದು ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಷ್ಟು ವರ್ಷದಲ್ಲಿ ಕಲೋತ್ಸವದ ಕೇಸಿನಲ್ಲಿ ತಪ್ಪು ನನ್ನದು ಅಂದ ಮೊದಲ ಸಾಕ್ಷಿ ನೀವೇ ಅಂದರು. ಅದು ಹೊಗಳಿಕೆಯೋ ಬೈಗುಳವೋ ಈಗಲೂ ತಿಳಿಯುತ್ತಿಲ್ಲ.

ಮೆಟ್ಟಿಲ ಹತ್ತಿರ ಕಣಾರನ್ ನಿಂತಿದ್ದ. ಬೈದರೆ ಬೈಯಲಿ ಅಂತ ನಾನೂ ನಿಂತೆ. ಅವನು ಬೈಯಲಿಲ್ಲ. "ಮೊದ್ಲೇ ಹೇಳಿದ್ರೆ ನನ್ನ ಮಗಳು ಹದಿನೈದು ದಿನ ಅಳೋದು ತಪ್ತಿತ್ತು ಟೀಚರೇ" ಅಂದ. ಅಷ್ಟೇ ಹೇಳಿ, ಮಗಳನ್ನೂ ಜಿಲ್ಲೆಗೆ ಬಿಡಬೇಕೆಂಬ ಆದೇಶದ ನಕಲು ತರಲು ನಿನ್ನ ಗುಮಾಸ್ತನ ಹಿಂದೆ ಹೋದ.

ಶಾಲೆಯಲ್ಲಿ ನಿನ್ನೆಯಿಂದ ಯಾರೂ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿಲ್ಲ. ಮತ್ತಾಯಿ ಸರ್ ಕಾರಣ ಕೇಳಿ ನೋಟೀಸು ಕೊಟ್ಟಿದ್ದಾರೆ. ಪೇಟೆಯಲ್ಲಿ ನಾನು ಜಿನ್ಸಿಯ ಅಪ್ಪನಿಂದ ಏನೋ ತಿಂದಿದ್ದೇನೆ ಅಂತ ಸುದ್ದಿ ಹಬ್ಬಿದೆ. ಇದೆಲ್ಲ ಆಗುತ್ತದೆ ಅಂತ ಗೊತ್ತಿತ್ತು, ಆಗುತ್ತಿದೆ. ಮುಗಿಯಿತು ಅಂತ ನಿನ್ನೆ ಬೆಳಿಗ್ಗೆ ಸಮಾಧಾನವಾಗಿಯೇ ಚಹಾ ಕುಡಿದೆ.

ಆಮೇಲೆ ಹತ್ತನೇ ಕ್ಲಾಸಿಗೆ ಹೋದೆ. ನಲವತ್ತೊಂದು ಜನರೂ ಎದ್ದು ನಿಂತರು, ನಮಸ್ತೆ ಅಂದರು, ಕೂತರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಇಷ್ಟು ಸದ್ದಿಲ್ಲದ ಕ್ಲಾಸು ನಾನು ಕಂಡಿಲ್ಲ.

ಏಲಿ

*

ಪಾರಕ್ಕುನ್ನು
8 ಡಿಸೆಂಬರ್ 1997

ಪ್ರಿಯ ಏಲಿಕುಟ್ಟಿ ಟೀಚರಿಗೆ,

ನಿಮ್ಮ ಮುಂದೆ ನಿಂತು ಹೇಳಿದರೆ ಅಳು ಬರುತ್ತದೆ ಅಂತ ಬರೆದು ಕೊಡುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ಮೊದಲನೆಯದಾಗಿ, ನಾನು ನಮ್ಮ ಕ್ಲಾಸಿನ ನ್ಯಾಯಾಧೀಶೆ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ನಾನು ಗೆದ್ದ ಸ್ಪರ್ಧೆಯ ಕೇಸನ್ನು ನಾನೇ ಕೇಳಬಾರದಿತ್ತು. ಅವತ್ತು ನನಗೆ ಹೊಳೆಯಲಿಲ್ಲ, ನೀವೂ ಹೇಳಲಿಲ್ಲ. ಇನ್ನು ಮೇಲೆ ನಾನು ಬರೆದುಕೊಳ್ಳುವ ಕೆಲಸ ಮಾತ್ರ ಮಾಡುತ್ತೇನೆ.

ಎರಡನೆಯದಾಗಿ, ಶ್ರೀಜಯ ಜಿಲ್ಲೆಗೆ ಬರುವುದು ನನಗೆ ಸಂತೋಷ. ಅಪ್ಪನಿಗೆ ಸಂತೋಷ ಇಲ್ಲ, ನನಗೆ ಇದೆ. ಅವಳು ಪೂರ್ತಿ ಹದಿನೈದು ನಿಮಿಷ ಹೇಳಲಿ. ಆಮೇಲೆ ನಾನು ಗೆದ್ದರೆ ಗೆದ್ದ ಹಾಗೆ. ನಾನು ಗೆಲ್ಲುವುದಕ್ಕೇ ಹೋಗುತ್ತೇನೆ.

ಮೂರನೆಯದು ಕ್ಲಾಸಿನವರೆಲ್ಲ ಸೇರಿ ಬರೆಯಿಸಿದ್ದು. ನೀವು ದೊಡ್ಡ ಕೋರ್ಟಿನಲ್ಲಿ ಪ್ರಮಾಣ ಮಾಡಿ ನಿಜ ಹೇಳಿದಿರಿ ಅಂತ ಪೇಪರಿನಲ್ಲಿ ಓದಿದೆವು. ನಮ್ಮ ಕೋರ್ಟಿನಲ್ಲೂ ಅದೇ ಪ್ರಮಾಣ ಮಾಡಿದ್ದಿರಿ. ಅಲ್ಲಿನ ವಕೀಲರಿಗಿಂತ ಮೊದಲೇ ರಿಯಾಸ್ ಅದನ್ನೇ ಕೇಳಿದ್ದ. ಇದರ ಬಗ್ಗೆ ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ಶುಕ್ರವಾರ ಕೊನೆಯ ಪಿರಿಯಡ್ಡಿಗೆ ದಯವಿಟ್ಟು ಬರಬೇಕು. ಬರದಿದ್ದರೂ ನಾವು ಯಾರಿಗೂ ಹೇಳುವುದಿಲ್ಲ.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ಜಿನ್ಸಿ ವರ್ಕಿ, ಹತ್ತು ಬಿ

*

ಪಾರಕ್ಕುನ್ನು
13 ಡಿಸೆಂಬರ್ 1997

ಖೈರು,

ಮಗುವಿನ ಪತ್ರ ಇದರ ಜೊತೆಗಿದೆ, ಓದು. ಓದಿ ವಾಪಸು ಕಳಿಸು, ಕಳೆಯಬೇಡ.

ನಿನ್ನೆ ಶುಕ್ರವಾರ. ಬೆಳಿಗ್ಗೆ ಜ್ವರ ಬಂದಿದೆ ಅಂತ ರಜೆ ಹಾಕೋಣ ಅಂದುಕೊಂಡೆ. ಮುನ್ಸಿಫರ ಮುಂದೆ ನಿಂತವಳಿಗೆ ಹದಿನೈದು ವರ್ಷದ ಮಕ್ಕಳ ಮುಂದೆ ನಿಲ್ಲಲು ಧೈರ್ಯ ಸಾಲಲಿಲ್ಲ ಅಂದರೆ ನೀನು ನಂಬುತ್ತೀಯಾ? ನನಗೆ ನನ್ನ ಮೇಲೇ ರೇಗಿಹೋಯಿತು. ಹೋದೆ.

ಅವರು ಮೇಜನ್ನು ಪಕ್ಕಕ್ಕೆ ಸರಿಸಿ, ಸಾಕ್ಷಿ ನಿಲ್ಲುವ ಕಡೆ ಒಂದು ಬೆಂಚು ತಿರುಗಿಸಿ ಇಟ್ಟಿದ್ದರು. ನ್ಯಾಯಾಧೀಶರ ಕುರ್ಚಿ ಖಾಲಿ ಇತ್ತು. ಆ ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಒಮ್ಮತಕ್ಕೆ ಬರಲಿಲ್ಲವಂತೆ. ಜಿನ್ಸಿ ಕೆಳಗೆ, ಬರೆದುಕೊಳ್ಳುವ ಜಾಗದಲ್ಲಿ ಕೂತಿದ್ದಳು. ಪ್ರಮಾಣ ಹೇಳಿಸಲಿಲ್ಲ. ನಾನೇ ಹೇಳಲು ಹೊರಟರೆ ರಿಯಾಸ್ ಬೇಡ ಟೀಚರ್ ಅಂದ.

ಅವನ ಮೈಮೇಲೆ ನಿನ್ನ ಗೌನು ಇರಲಿಲ್ಲ. ಮಡಿಸಿ ಬೆಂಚಿನ ತುದಿಯಲ್ಲಿ ಇಟ್ಟಿದ್ದ. ನೆಲ ನೋಡಿಕೊಂಡೇ, "ನಮ್ ಹತ್ರ ಯಾಕೆ ಸುಳ್ಳು ಹೇಳಿದ್ರಿ ಟೀಚರ್?" ಅಂದ.

ಗೊತ್ತಿಲ್ಲ ಅಂತ ಹೇಳಬಹುದಿತ್ತು. ಪೂರ್ತಿ ಮಾರ್ಕಿನ ಉತ್ತರ. ಆದರೆ ನನಗೆ ಗೊತ್ತಿತ್ತು ಖೈರು, ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೆ ಇದ್ದದ್ದನ್ನೇ ಹೇಳಿದೆ. ಇದು ಆಟದ ಕೋರ್ಟು, ಇಲ್ಲಿ ಏನು ಹೇಳಿದರೂ ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ ಅಂತ.

ಜಿನ್ಸಿ ಬರೆಯುತ್ತಿದ್ದವಳು ನಿಲ್ಲಿಸಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ಆ ವಾರದಲ್ಲಿ ಅವರಲ್ಲಿ ಒಬ್ಬರು ನನ್ನ ಮುಖ ನೋಡಿದ್ದು ಅದೇ ಮೊದಲು.

"ನಮಗಾಯ್ತಲ್ಲ, ಟೀಚರ್" ಅಂದಳು.

ಅದನ್ನು ಅವಳು ಬರೆದುಕೊಳ್ಳಲಿಲ್ಲ. ಪೆನ್ನು ಮುಚ್ಚಿ ಇಟ್ಟಳು. ಆ ಬೆಂಚಿನ ಕಟಕಟೆಯಿಂದ ಇಳಿಯಿರಿ ಅಂತ ಯಾರೂ ಹೇಳಲಿಲ್ಲ, ನನಗೂ ಇಳಿಯಲಾಗಲಿಲ್ಲ. ಪಿರಿಯಡ್ ಮುಗಿಯುವವರೆಗೂ ಅಲ್ಲೇ ಅವರ ಮುಂದೆ ನಿಂತಿದ್ದೆ.

ನಿನ್ನ,
ಏಲಿ